ಕೋಟಿನ ಬಟ್ಟೆಯ ಪಟ್ಟಿ

"ಅಕ್ಕಾ, ದಾರಿ ಬಿಡು. ಒಳಗೊಂದು ಕೋಳಿ ಇದೆ ಅಂತ ನಂಗೊತ್ತು."

ಪುರಸಭೆಯ ಕೋಳಿ ಹಿಡಿಯುವವನು ದರ್ಜಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಲೆ, ಪಕ್ಕದ ಪಂಜರದಲ್ಲಿ ಬೆಳಗಿನಿಂದ ಹಿಡಿದ ಮೂರು ಕೋಳಿ. ದರ್ಜಿ ಅವನ ಒಡಹುಟ್ಟಿದ ಅಕ್ಕ. ಅವಳ ಮೇಜಿನ ಕೆಳಗೆ, ಚಿಂದಿ ಬುಟ್ಟಿಯಲ್ಲಿ, ಕಂದು ಹೇಂಟೆಯೊಂದು ಹತ್ತೊಂಬತ್ತು ದಿನದಿಂದ ಕಾವಿಗೆ ಕೂತಿತ್ತು.

"ಇನ್ನೆರಡು ದಿನಕ್ಕೆ ಮರಿ ಕಣೋ. ಏಳಿಸ್ತೀಯಾ?"

"ನಾನೇನು ಮಾಡ್ಲಿ? ಕಾನೂನು."

ಕಾನೂನಂತೆ ಕಾನೂನು! ಹುಂಜದ ಕೂಗಿಗೆ ನಿದ್ದೆ ಕೆಡುತ್ತದೆಂದು ಪುರಸಭೆಯ ಅಧ್ಯಕ್ಷರು ಗೊಣಗಿದ್ದರು. ಚಹಾ ಆರುವ ಮೊದಲೇ ಸದಸ್ಯರೆಲ್ಲ ಕೈ ಎತ್ತಿದ್ದರು. ವಾರಸುದಾರರಿಲ್ಲದ ಬೀದಿ ಕೋಳಿಗಳನ್ನು ಹಿಡಿದು ಕೊಲ್ಲತಕ್ಕದ್ದು. ಯಾರಾದರೂ ತಮ್ಮದೆಂದರೆ ಪುಸ್ತಕದಲ್ಲಿ ಸಹಿ ಹಾಕಿ, ಕೋಳಿಯ ಕಾಲಿಗೆ ಪಟ್ಟಿ ಕಟ್ಟತಕ್ಕದ್ದು. ಆಮೇಲೂ ಅದು ಬೀದಿಗಿಳಿದರೆ ಸಹಿ ಹಾಕಿದವರ ಅಂಗಡಿ ಲೈಸೆನ್ಸ್ ರದ್ದು.

"ಪುಸ್ತಕ ಕೊಡು," ಅಕ್ಕ ಕೈ ಚಾಚಿದಳು.

"ಸಹಿ ಹಾಕು ಮಾರಾಯ್ತಿ. ಬಾಗಿಲು ಮುಚ್ಕೊಂಡು ಸಾಕ್ಕೋ ಅದನ್ನ."

ಅವಳು ಬರೆದದ್ದನ್ನು ಓದಿ ತಮ್ಮನ ಮುಖ ಬಿಳುಚಿಕೊಂಡಿತು. 'ಈ ಊರಿನ ಬೀದಿ ಕೋಳಿಗಳೆಲ್ಲ ನನ್ನವು.' ಕೆಳಗೆ ಸಹಿ.

"ತಲೆ ಕೆಟ್ಟಿದ್ಯಾ ನಿಂಗೆ? ನಾಳೆನೇ ಅಂಗಡಿಗೆ ಬೀಗ ಬೀಳತ್ತೆ! ಇಪ್ಪತ್ತು ವರ್ಷದ ಅಂಗಡಿ!"

"ಬೀಳ್ಲಿ. ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಈ ಬೀದಿಗೆ ಬಂದಾಗ ನಮಗೆ ಯಾವ ವಾರಸುದಾರ ಇದ್ದ? ಆಗ ಯಾರಾದ್ರೂ ಬಲೆ ತಂದ್ರಾ?"

ಅವನು ಗೋಡೆಯ ಮೇಲಿನ ಲೈಸೆನ್ಸ್ ನೋಡಿದ. ಅಕ್ಕನ ಕತ್ತರಿ ಆಗಲೇ ಬೂದು ಬಟ್ಟೆಯೊಂದರಿಂದ ಬೆರಳಗಲದ ಪಟ್ಟಿಗಳನ್ನು ಕತ್ತರಿಸತೊಡಗಿತ್ತು.

"ಅದು ಅಧ್ಯಕ್ಷರ ಕೋಟಿನ ಬಟ್ಟೆ ಅಲ್ವಾ?"

"ಹೊಲಿದು ಮಿಕ್ಕಿದ್ದು. ಗಟ್ಟಿಮುಟ್ಟು ಮಾಲು, ಬೇಗ ಹರಿಯಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡ. ಬಲೆಯನ್ನು ಹೊಸ್ತಿಲಾಚೆ ಒರಗಿಸಿ ಪಂಜರ ತೆರೆದ. ಕೆಂಪು ಹುಂಜವನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು, ಅದರ ಕಾಲನ್ನು ಅಕ್ಕನ ಮುಂದೆ ಚಾಚಿದ.

"ಬಿಗಿಯಾಗಿ ಕಟ್ಟು. ಬಿಚ್ಚಿಹೋದೀತು."

ಕೆಳಗೆ ಬಿಟ್ಟದ್ದೇ ತಡ, ಹುಂಜ ಮೈ ಕೊಡವಿ, ಅಧ್ಯಕ್ಷರ ಬೂದು ಪಟ್ಟಿಯ ಕಾಲನ್ನು ಎತ್ತೆತ್ತಿ ಇಡುತ್ತ ರಸ್ತೆ ದಾಟಿತು. ಎದುರಿನ ಪುರಸಭೆಯ ಕಾಂಪೌಂಡು ಗೋಡೆಯ ಮೇಲೆ ಹಾರಿ ಕೂತು, ಕುತ್ತಿಗೆ ಉದ್ದ ಮಾಡಿತು.