ಮೂರು ಹತ್ತರಿಂದ ಮೂರು ನಲವತ್ತು

ಕ್ಲೆಮೆಂಟ್ ಎರಡನೇ ಸಲ ವಾಂತಿ ಮಾಡಿದಾಗಲೇ ಮಗ್ದಲೀನಳಿಗೆ ಅದು ರಕ್ತವೆಂದು ತಿಳಿದದ್ದು. ಮೊದಲ ಸಲದ್ದನ್ನು ಅವಳು ಶುಕ್ರವಾರದ ಊಟದ ಬೀಟ್‌ರೂಟ್ ಪಲ್ಯದ ತಲೆಗೆ ಕಟ್ಟಿದ್ದಳು. ಈಗ ವಾಶ್‌ಬೇಸಿನ್ ತುಂಬ ಕಡುಗೆಂಪು, ನಡುವೆ ಹೆಪ್ಪುಗಟ್ಟಿದ ತುಂಡುಗಳು. ಗಂಡ ನಲ್ಲಿಯನ್ನು ಹಿಡಿದುಕೊಂಡೇ ಕುಸಿದು, ಬಚ್ಚಲಿನ ಗೋಡೆಗೆ ಒರಗಿ ಕೂತ.

"ಆಂಬುಲೆನ್ಸಿಗೆ ಫೋನ್ ಮಾಡು ಮಗ್ದು," ಎಂದ.

ಅವಳು ಫೋನ್ ಎತ್ತಿದಳು. ಮಧ್ಯಾಹ್ನ ಗಂಟೆ ಮೂರು ಹತ್ತು. ಎರಡು ಅಂಕಿ ಒತ್ತಿಯೂ ಆಗಿತ್ತು, ಮೂರನೆಯದಕ್ಕೆ ಬೆರಳು ನಿಂತಿತು. ಮಲಗುವ ಕೋಣೆಯ ಮಂಚದ ಕೆಳಗೆ ಆರು ದೊಡ್ಡ ಗಾಜಿನ ಭರಣಿಗಳಿದ್ದವು.

ಕುವೈತಿನಲ್ಲಿ ಮನೆಯೊಳಗೆ ಮದ್ಯ ಸಿಕ್ಕಿದರೆ ಮೊದಲು ಜೈಲು, ಆಮೇಲೆ ಊರಿಗೆ ವಿಮಾನ. ಇಪ್ಪತ್ತೆರಡು ವರ್ಷದಿಂದ ಮಂಗಫಿನಲ್ಲಿರುವ ಮಗ್ದಲೀನಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ವೈನ್ ಇಲ್ಲದ ಕ್ರಿಸ್ಮಸ್ ಅಂದರೆ ಅದೆಂಥ ಕ್ರಿಸ್ಮಸ್? ಅಕ್ಟೋಬರ್ ಮುಗಿಯುತ್ತಿದ್ದ ಹಾಗೆ ಅವಳು ಕಪ್ಪು ದ್ರಾಕ್ಷಿಯ ರಸಕ್ಕೆ ಸಕ್ಕರೆ, ಯೀಸ್ಟ್ ಹಾಕಿ ಇಡುತ್ತಿದ್ದಳು. ಮಂಗಳೂರಿನ ಪರಿಚಯದ ನಾಲ್ಕು ಮನೆಗೂ ಅವಳದೇ ಕೈರುಚಿ. ನಾಲ್ಕೂ ಮನೆಯವರು ಭಯಭಕ್ತಿಯಿಂದ ಅದನ್ನು ಜ್ಯೂಸ್ ಎಂದೇ ಕರೆಯುತ್ತಿದ್ದರು. ಕ್ಲೆಮೆಂಟ್ ಮಾತ್ರ ಒಂದು ತೊಟ್ಟು ಮುಟ್ಟಿದವನಲ್ಲ. ಅಹ್ಮದಿಯ ಒಂದು ಕಂಪನಿಯಲ್ಲಿ ಕಡತ ನೋಡಿಕೊಳ್ಳುವ ಅವನ ಚಟವೆಂದರೆ ಸಿಹಿ ಸೋಡಾ, ಸಿಕ್ಕಿದರೆ ಬಕ್ಲಾವ ಎಂಬ ಅರಬ್ಬಿ ಮಿಠಾಯಿ.

"ಡೆಲ್ಮಾ, ಭರಣಿ ಎಲ್ಲ ಅಡುಗೆಮನೆಗೆ ತಾ," ಎಂದಳು.

ಹದಿನೇಳರ ಮಗಳು ಅವಳನ್ನೇ ನೋಡಿದಳು. "ಮಮ್ಮಾ, ಕಾಲ್ ಫಸ್ಟ್. ಪ್ಲೀಸ್."

"ಬಂದವರು ಮಂಚದ ಅಡಿ ನೋಡಿದ್ರೆ ಎಂತ ಮಾಡುದು? ಪಪ್ಪನನ್ನು ಆಸ್ಪತ್ರೆಯಿಂದ ಸೀದಾ ಲಾಕಪ್ಪಿಗೆ ಹಾಕ್ತಾರೆ. ಎರಡೇ ನಿಮಿಷದ ಕೆಲಸ, ತಾ ನೀನು."

ಎರಡು ನಿಮಿಷದಲ್ಲಿ ಒಂದು ಭರಣಿಯೂ ಖಾಲಿಯಾಗಲಿಲ್ಲ. ಸಿಂಕಿನ ಜಾಲರಿಗೆ ದ್ರಾಕ್ಷಿಯ ಗಷ್ಟು ಸಿಕ್ಕಿ ವೈನ್ ಮೇಲಕ್ಕೇ ನಿಂತಿತು. ಬೆರಳು ಹಾಕಿ ಬಿಡಿಸಬೇಕಾಯಿತು. ಹುಳಿ ವಾಸನೆ ಮನೆಯಿಡೀ ಹಬ್ಬಿತು. ಕಿಟಕಿ ತೆರೆಸಿದಳು, ಭರಣಿಗಳನ್ನು ಸೋಪು ಹಾಕಿ ತೊಳೆಸಿದಳು. ಅಷ್ಟಕ್ಕೂ ಸಮಾಧಾನವಾಗದೆ, ಪಕ್ಕದ ಮನೆಯ ಕುಂಞಿಪಾತುಮ್ಮ ಕೊಟ್ಟಿದ್ದ ಬಖೂರಿನ ಧೂಪ ಹಚ್ಚಿದಳು.

"ಬಂದ್ರಾ ಅವರು?" ಬಚ್ಚಲಿನಿಂದ ಕ್ಲೆಮೆಂಟ್‌ನ ಸ್ವರ ಕೇಳಿತು.

"ದಾರಿಯಲ್ಲಿ ಇದ್ದಾರಂತೆ," ಎಂದಳು ಮಗ್ದಲೀನ್.

ಆ ಸುಳ್ಳು ಅವಳೂ ಎಣಿಸದಷ್ಟು ಸಲೀಸಾಗಿ ಬಂತು. ಕೊನೆಯ ಭರಣಿಯನ್ನು ಬೋರಲು ಹಾಕಿ ಫೋನ್ ಮಾಡಿದಾಗ ಮೂರು ನಲವತ್ತು.

ಒಂಬತ್ತು ನಿಮಿಷದಲ್ಲಿ ಇಬ್ಬರು ಬಂದರು. ಅವರಿಗೆ ಮೂಗಿತ್ತೋ ಇಲ್ಲವೋ, ಕಣ್ಣಂತೂ ಕ್ಲೆಮೆಂಟ್‌ನ ಮೇಲೆ ಮಾತ್ರ ಇತ್ತು. ಮಲಗುವ ಕೋಣೆಯ ಬಾಗಿಲು ತೆರೆದೇ ಇತ್ತು. ಒಬ್ಬನೂ ಆ ಕಡೆ ತಿರುಗಲಿಲ್ಲ. "ಯಲ್ಲಾ, ಯಲ್ಲಾ" ಎಂದು ಅವನನ್ನು ಎತ್ತಿಕೊಂಡು ಹೊರಟೇಬಿಟ್ಟರು.

ಆಸ್ಪತ್ರೆಯ ವೈದ್ಯ ರಾಜೀವ್ ಮೈಸೂರಿನವರು. ಅವಳು ತನ್ನ ಊರು ಮಂಗಳೂರು ಎಂದದ್ದೇ ಕನ್ನಡಕ್ಕೆ ಹೊರಳಿದರು. "ಸಿರೋಸಿಸ್ ಅಮ್ಮ. ಲಿವರ್ ಪೂರ್ತಿ ಗಟ್ಟಿಯಾಗಿಬಿಟ್ಟಿದೆ."

ಮಗ್ದಲೀನಳಿಗೆ ಬರಸಿಡಿಲು ಬಡಿದಂತಾಯಿತು. ಅದು ಮೈಯೆಲ್ಲ ಹಳದಿಯಾಗಿ ಸತ್ತ ತನ್ನ ಕುಡುಕ ಸೋದರಮಾವನ ಕಾಯಿಲೆ. "ಅವರು ಕುಡಿಯುದಿಲ್ಲ ಡಾಕ್ಟ್ರೇ. ಮಗಳ ಆಣೆ, ಮುಟ್ಟುದೇ ಇಲ್ಲ."

"ಕುಡೀತಾರೆ ಅಂತ ನಾನೆಲ್ಲಿ ಹೇಳ್ದೆ? ಹದಿನಾಲ್ಕು ವರ್ಷದಿಂದ ಶುಗರ್ ಇದೆ, ಬೊಜ್ಜಿದೆ. ಲಿವರಲ್ಲಿ ಕೊಬ್ಬು ಸೇರಿ ಸೇರಿ ಹೀಗಾಗುತ್ತೆ. ರಕ್ತಕ್ಕೆ ಅದರೊಳಗೆ ದಾರಿ ಸಿಗಲ್ಲ. ಅನ್ನನಾಳದ ರಕ್ತನಾಳಗಳು ಊದ್ಕೊಂಡು ಒಡೀತವೆ. ಕಾಲು ಬಾವು ಬರ್ತಿರ್ಲಿಲ್ವಾ?"

ಬರುತ್ತಿತ್ತು. ಅವಳು ಒಂದು ಅಳತೆ ದೊಡ್ಡ ಶೂ ತಂದುಕೊಟ್ಟಿದ್ದಳು. ಹೊಟ್ಟೆ ಉಬ್ಬಿದಾಗ ಪ್ಯಾಂಟಿನ ಹೊಲಿಗೆ ಬಿಚ್ಚಿಸಿ, ಬಕ್ಲಾವದ ಹೆಸರಿನಲ್ಲಿ ಗೇಲಿ ಮಾಡಿದ್ದಳು.

"ರಕ್ತ ಶುರುವಾಗಿದ್ದು ಎಷ್ಟು ಗಂಟೆಗೆ?"

"ಮೂರು ನಲವತ್ತಕ್ಕೆ. ಕೂಡಲೇ ಫೋನ್ ಮಾಡಿದೆ."

"ಎಷ್ಟು ಸಲ ಹೋಯ್ತು?"

"ಎರಡು ಸಲ."

ರಾಜೀವ್ ಬರೆದುಕೊಂಡರು. ನಂತರ ಹುಬ್ಬು ಗಂಟಿಕ್ಕಿದರು. "ಅಷ್ಟಕ್ಕೇ ಬಿಪಿ ಇಷ್ಟು ಇಳಿಯಲ್ವಲ್ಲ. ಎಷ್ಟು ರಕ್ತ ಹೋಗಿದೆ ಅಂತ ಗೊತ್ತಾದ್ರೆ ತಾನೇ ಅಷ್ಟು ಬಾಟ್ಲಿ ತರಿಸೋದು?"

ಡೆಲ್ಮಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಇನ್ನೂ ಒಂದು ಕ್ಷಣ ಸುಮ್ಮನಿದ್ದರೆ ಮಗಳೇ ಹೇಳಿಬಿಡುತ್ತಾಳೆಂದು ಮಗ್ದಲೀನಳಿಗೆ ಅನಿಸಿತು.

"ಮೂರು ಹತ್ತಕ್ಕಿಂತ ಮೊದಲೇ ಎರಡು ಸಲ ಆಗಿತ್ತು," ಎಂದಳು. "ಆಮೇಲೆ ಎಷ್ಟಾಯ್ತೋ ನಾನು ನೋಡ್ಲಿಲ್ಲ. ಅಡುಗೆಮನೆಯಲ್ಲಿದ್ದೆ."

"ಅರ್ಧ ಗಂಟೆ ಅಡುಗೆಮನೇಲಿ ಏನ್ಮಾಡ್ತಿದ್ರಿ?"

"ಕ್ರಿಸ್ಮಸಿನ ವೈನ್ ಚೆಲ್ತಾ ಇದ್ದೆ."

ವೈದ್ಯರು ಪೆನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅವಳನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಮೊದಲು ಬರೆದ ಸಮಯವನ್ನು ಹೊಡೆದುಹಾಕಿ ಹೊಸದನ್ನು ಬರೆದು, ಇನ್ನೂ ನಾಲ್ಕು ಬಾಟಲಿ ರಕ್ತಕ್ಕೆ ಹೇಳಿ, ಒಳಗೆ ಓಡಿದರು.

ಕ್ಲೆಮೆಂಟ್ ಉಳಿದ. ಒಡೆದ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿತ್ತು. ರಕ್ತದ ಒತ್ತಡ ಅಷ್ಟು ಹೊತ್ತು ತೀರಾ ಇಳಿದೇ ಇದ್ದದ್ದು ಕಾರಣ ಎಂದು ರಾಜೀವ್ ಅವಳೊಬ್ಬಳಿಗೇ ಹೇಳಿದ್ದರು. ಅವು ಚೇತರಿಸಿಕೊಳ್ಳುತ್ತವೋ ಇಲ್ಲವೋ, ಹೇಳುವಂತಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಕ್ಲಿಫರ್ಡ್, ಪ್ರೀಮಾ ನೋಡಲು ಬಂದರು. ಅವರದೂ ಆ ಜ್ಯೂಸಿನ ನಾಲ್ಕು ಮನೆಗಳಲ್ಲೊಂದು. ಮಗ್ದಲೀನ್ ಗಂಡನಿಗೆ ಚಮಚದಲ್ಲಿ ಗಂಜಿತಿಳಿ ಕುಡಿಸುತ್ತಿದ್ದಳು. ಡೆಲ್ಮಾ ಕಿಟಕಿಯ ಬಳಿ ನಿಂತಿದ್ದಳು. ರಾಜೀವ್ ಮಂಚದ ಕಾಲದೆಸೆಯಲ್ಲಿ ಚಾರ್ಟು ನೋಡುತ್ತಿದ್ದರು.

"ಇವಳು ಇದ್ದದ್ದಕ್ಕೆ ನಾನು ಉಳಿದೆ," ಎಂದ ಕ್ಲೆಮೆಂಟ್. ಸ್ವರ ಇನ್ನೂ ಗೊಗ್ಗರಾಗಿತ್ತು. "ನಾನು ಹೇಳಿದ ಕೂಡಲೇ ಫೋನ್ ಮಾಡಿದ್ಲು. ಆ ಆಂಬುಲೆನ್ಸಿನವರದ್ದೇ ತಡ ಮಾರಾಯ. ಅರ್ಧ ಗಂಟೆ ಕಾಯಿಸಿದ್ರು. ಸುಮ್ಮನೆ ಬಿಡ್ಬಾರ್ದು, ಒಂದು ಕಂಪ್ಲೇಂಟ್ ಬರಿಬೇಕು."

"ಬರೆಯುವ, ನಾನೇ ಬರೆದು ಕೊಡ್ತೇನೆ," ಎಂದ ಕ್ಲಿಫರ್ಡ್.

ರಾಜೀವ್ ಚಾರ್ಟಿನ ಹಾಳೆ ಮಗುಚಿದರು, ತಲೆ ಎತ್ತಲಿಲ್ಲ. ಡೆಲ್ಮಾ ಕಿಟಕಿಯ ಗಾಜಿಗೆ ಹಣೆ ಹಚ್ಚಿದಳು. ಇನ್ನೊಂದು ಚಮಚಕ್ಕೆ ಕ್ಲೆಮೆಂಟ್ ಮಗುವಿನ ಹಾಗೆ ಬಾಯಿ ತೆರೆದು, ಹೆಂಡತಿಯ ಕೈ ಮುಂದೆ ಬರಲೆಂದು ಕಾದ.