ತೂಬೆತ್ತಿ ಬುಡು

ಡ್ರೋನಿಗೆ ಅರ್ಧ ದಿನದ ಬಾಡಿಗೆ ಎರಡೂವರೆ ಸಾವಿರ. ಹಾಡು ರೆಕಾರ್ಡ್ ಮಾಡಿದ ಸ್ಟುಡಿಯೋದವರಿಗೆ ಮೂರು ಸಾವಿರ. ಹೊಳೆಯ ನಾಲ್ಕು ದೃಶ್ಯಕ್ಕೆಂದು ಮುತ್ತತ್ತಿಗೆ ಹೋಗಿಬಂದ ವ್ಯಾನಿಗೆ ಸಾವಿರದ ಎಂಟುನೂರು. ಅಲ್ಲಿ ಕೋತಿಯೊಂದು ಮೈಕಿನ ಮೇಲಿದ್ದ ಕೂದಲಿನ ಟೋಪಿಯನ್ನು ಕಿತ್ತುಕೊಂಡು ಮರ ಹತ್ತಿದ್ದಕ್ಕೆ ನಾನೂರೈವತ್ತು. ನಾಗಶ್ರೀ ಉಟ್ಟಿದ್ದ ಸೀರೆ ಅವಳ ಅವ್ವನದು, ಅದಕ್ಕೆ ಖರ್ಚಿಲ್ಲ. ಕ್ಲಾಸಿನವರೆಲ್ಲ ಸೇರಿ ಹಾಕಿದ್ದು ಹತ್ತು ಸಾವಿರ. ಉಳಿದಿದ್ದು ಎರಡು ಸಾವಿರದ ಇನ್ನೂರೈವತ್ತು.

ವಂಶಿ ಮೊಬೈಲು ನೋಡಿಕೊಂಡು ಇಷ್ಟನ್ನೂ ಒಪ್ಪಿಸಿ, "ಎಡಿಟಿಂಗಿಗೆ ಇಷ್ಟೇ ಇರೋದು ಸರ್," ಎಂದ.

ಮದ್ದೂರಿನಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಅಂಗಡಿ ಇಟ್ಟಿದ್ದ ರವಿಚಂದ್ರ ಅವನ ಮುಖ ನೋಡಿದ. "ಟೋಪಿ ವಾಪಸ್ ಕೊಡ್ಲಿಲ್ವೇನ್ಲಾ ಕೋತಿ?"

"ಇಲ್ಲ ಸರ್. ನಮಗೇ ಟೋಪಿ ಹಾಕ್ತು."

ಹನ್ನೆರಡು ಸಾವಿರಕ್ಕೆ ಕಡಿಮೆ ಯಾವ ಮದುವೆಯನ್ನೂ ಮುಟ್ಟದ ರವಿಚಂದ್ರ, ಆ ಎರಡು ಚಿಲ್ಲರೆ ಸಾವಿರಕ್ಕೆ ಒಪ್ಪಿಕೊಂಡ. ಕಾರಣ, ಹಿಂದಿನ ದಿನವೇ ಚೂಡಾಮಣಿ ಟೀಚರ್ ಫೋನು ಮಾಡಿ, "ರವಿ, ನಮ್ಮ ವಂಶಿ ಬರ್ತಾನೆ, ಮಕ್ಕಳ ಕೆಲಸ, ಮಾಡಿಕೊಡಪ್ಪ," ಎಂದಿದ್ದರು. ವಂಶಿ ಮಳವಳ್ಳಿಯ ಹುಡುಗ, ಟೀಚರಿಗೆ ತಂಗಿಯ ಮಗ. ಆ ಟೀಚರ್ ಹೇಳಿದ ಮೇಲೆ ರವಿಚಂದ್ರನ ಬಾಯಲ್ಲಿ ಇಲ್ಲ ಎಂಬ ಮಾತು ಬರುತ್ತಿರಲಿಲ್ಲ.

ಅದಕ್ಕೊಂದು ಹಿನ್ನೆಲೆಯಿತ್ತು. ಹದಿನೆಂಟು ವರ್ಷದ ಕೆಳಗೆ ರವಿಚಂದ್ರ ಇನ್ನೂ ಬೇರೆಯವರ ಅಂಗಡಿಯಲ್ಲಿ ಸಂಬಳಕ್ಕಿದ್ದಾಗ ಟೀಚರ ಮಗಳು ಶುಭಾಳ ಮದುವೆಯ ವಿಡಿಯೋ ಅವನ ಕೈಗೆ ಬಂದಿತ್ತು. ಬಾಯಲ್ಲಿ ಆಡುವಂತೆಯೇ ಕೈಯಲ್ಲಿ ಬರೆದುಬಿಟ್ಟ. ಗಂಡಿನ ಮನೆಯವರೆಲ್ಲ ಟೀವಿ ಮುಂದೆ ಕುಳಿತಾಗ ತೆರೆಯ ಮೇಲೆ ಹೂವಿನ ನಡುವಿನಿಂದ ಎದ್ದುಬಂದದ್ದು, 'ಸುಬಾ ಸುಬವಿವಾಹ'. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಂಗಡಿಯ ಧಣಿ ಅವನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದ. ಆದರೆ ಟೀಚರ್ ಅಂಗಡಿಗೆ ಬಂದು ಜಗಳವಾಡಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತರು. "ಶ ಬಾಯಲ್ಲಿ ಬರದಿದ್ರೆ ಹೋಗ್ಲಿ, ಕೈಯಲ್ಲಿ ಬರ್ಲಿ. ಬರಿ," ಎಂದು ಒಂದೊಂದಾಗಿ ತಿದ್ದಿಸಿದರು. ಅಂದಿನಿಂದ ಅವನ ಪ್ರತಿಯೊಂದು ಟೈಟಲನ್ನೂ ಅವರೇ ನೋಡುತ್ತಿದ್ದರು. ಮೊದಲು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದ, ಈಗ ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಎರಡೇ ನಿಮಿಷದಲ್ಲಿ ಉತ್ತರ ಬರುತ್ತದೆ. ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಮುಟ್ಟಿದವರಲ್ಲ.

ಗುರುವಾರ ಕೊನೆಯ ದಿನ. ಸಂಜೆ ಐದರೊಳಗೆ ಮಂಡ್ಯದಲ್ಲಿ ಪೆನ್‌ಡ್ರೈವ್ ಕೊಡಬೇಕು, ಜಿಲ್ಲೆಯ ಕಾಲೇಜು ಮಕ್ಕಳ ಹಾಡಿನ ವಿಡಿಯೋ ಸ್ಪರ್ಧೆ. ವಂಶಿ, ನಾಗಶ್ರೀ ಇಬ್ಬರೂ ಬೆಳಿಗ್ಗೆಯೇ ಬಂದು ಕುಳಿತಿದ್ದರು. ಹಾಡು ಕಟ್ಟಿದವಳೂ ಹಾಡಿದವಳೂ ನಾಗಶ್ರೀ. ಕೊತ್ತತ್ತಿಯ ಹುಡುಗಿ, ಅವ್ವ ನಾಟಿ ಕೂಲಿಗೆ ಹೋಗುತ್ತಾಳೆ. ಗದ್ದೆಯ ಹೆಂಗಸೊಬ್ಬಳು ನಾಲೆಯ ತೂಬಿನ ಬಾಗಿಲೆತ್ತಿ ನೀರು ಬಿಡುವ ನೀರುಗಂಟಿಯನ್ನು ಕೂಗಿ ಕರೆಯುವ ಹಾಡು ಅದು.

ಎಲ್ಲ ಚೆನ್ನಾಗಿ ಕೂತಿತ್ತು, ಕೊನೆಯ ಎರಡು ಸಾಲು ಬಿಟ್ಟು. ಅಲ್ಲಿ ತೆರೆಯ ತುಂಬ ನಾಗಶ್ರೀ ಒಬ್ಬಳೇ, ಮುಖ ಸ್ಪಷ್ಟ. ಮೊಣಕಾಲವರೆಗೆ ಕೆಸರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲೆಯ ಕಡೆ ಕೈ ಚಾಚಿ ಕೂಗುತ್ತಾಳೆ. ತುಟಿ ಒಂದು ಹೇಳಿದರೆ ದನಿ ಇನ್ನೊಂದು ಹೇಳಿದ ಹಾಗೆ ಕಾಣುತ್ತಿತ್ತು. ರವಿಚಂದ್ರ ದನಿಯನ್ನು ಕೂದಲೆಳೆಯಷ್ಟು ಮುಂದೆ ತಳ್ಳಿದ, ಹಿಂದೆ ಎಳೆದ. ಮೇಲಿನ ಸಾಲು ಸರಿಹೋದರೆ ಇದು ಕೆಡುತ್ತಿತ್ತು. ಡಬ್ಬಿಂಗ್ ಸಿನಿಮಾ ನೋಡಿದಂತಾಗುತ್ತಿತ್ತು.

ಮಧ್ಯಾಹ್ನ ಎರಡಾಯಿತು. ವಂಶಿ ಗಡಿಯಾರ ನೋಡಿ, "ಸರ್, ಅಲ್ಲಿ ಅವಳ ಮುಖ ತೆಗೆದು ಡ್ರೋನ್ ಶಾಟ್ ಹಾಕಿಬಿಡಿ. ಹೆಂಗೂ ದುಡ್ಡು ಕೊಟ್ಟಿದ್ದೀವಿ," ಎಂದ.

"ಆಕಿದ್ರೆ ಈಯಮ್ಮನ ಮೊಖ ಎಲ್ಲಪ್ಪ ಬತ್ತದೆ? ಮೇಲಿನ ಸಾಲ್ಗೆಲ್ಲ ದೂರದಿಂದ ತೆಗ್ದಿದ್ದೀರಿ."

ನಾಗಶ್ರೀ ಚಪ್ಪಲಿಯ ತುದಿ ನೋಡುತ್ತಿದ್ದಳು. "ಅವ್ವ ಆಗ್ಲೆ ನಾಟಿ ಎಂಗುಸ್ರಿಗೆಲ್ಲ ಏಳ್ಬುಟ್ಟವ್ಳೆ, ನನ್ ಮಗ್ಳು ಟೀವೀಲಿ ಬತ್ತಾಳೆ ಅಂತ," ಎಂದು, ಆಮೇಲೆ ತಲೆ ಎತ್ತಿ ನಗಲು ನೋಡಿದಳು. "ಓಗ್ಲಿ ಬುಡಿ ಅಣ್ಣ."

ರವಿಚಂದ್ರನ ಕೈ ಮೌಸಿನ ಮೇಲೆ ನಿಂತಿತು. "ಇನ್ನೊಂದ್ಸಲ ಏಳವ್ವ."

"ಏನಣ್ಣ?"

"ಅದೇ, ಈಗ ಅಂದ್ಯಲ್ಲ."

"ಓಗ್ಲಿ ಬುಡಿ ಅಂದೆ."

ಅವಳ ತುಟಿ ಗುಂಡಗೆ ಮುಂದೆ ಬಂದವು. ತೆರೆಯ ಮೇಲೆ ನಿಲ್ಲಿಸಿದ್ದ ಮುಖದಲ್ಲೂ ತುಟಿ ಹಾಗೆಯೇ ಗುಂಡಗಿದ್ದವು. ಸ್ಪೀಕರಿನಲ್ಲಿ ಮಾತ್ರ, 'ತೂಬೆತ್ತಿ ಬಿಡು, ಬಿಡು ಬಿಡು ಬಿಡಣ್ಣ' ಎಂದಿತ್ತು. ಬಿಡು ಎನ್ನುವಾಗ ತುಟಿ ಅಗಲವಾಗುತ್ತದೆ, ಹಲ್ಲು ಕಾಣುತ್ತದೆ.

"ನೀನು ಗದ್ದೇಲಿ ಬುಡು ಅಂದಿದ್ದೀಯ, ಸ್ಟುಡಿಯೋದಲ್ಲಿ ಬಿಡು ಅಂದಿದ್ದೀಯ ಕಣಮ್ಮ!"

ನಾಗಶ್ರೀ ನಾಲಿಗೆ ಕಚ್ಚಿಕೊಂಡಳು. "ನಾ ಬರ್ದಿದ್ದು ಬುಡು ಅಂತ್ಲೇ ಕಣಣ್ಣ. ವಂಶಿ ದೊಡ್ಡಮ್ಮಾರು, ಟೀಚರು, ಬಿಡು ಅಂತ ತಿದ್ದುದ್ರು, ಸ್ಟುಡಿಯೋದಲ್ಲಿ ಪಕ್ಕದಲ್ಲೇ ನಿಂತ್ಕಂಡು ಏಳ್ಕೊಟ್ರು. ಗದ್ದೇಲಿ ನಮ್ಮವ್ವಾರೆಲ್ಲ ಇದ್ರಲ್ಲ, ಬಾಯಿ ತಪ್ಪೋಯ್ತು."

ಕಾರಣ ಸಿಕ್ಕಿತು, ಅದರ ಜೊತೆಗೆ ರವಿಚಂದ್ರನಿಗೆ ಕಷ್ಟವೂ ಸಿಕ್ಕಿತು. ಮತ್ತೆ ರೆಕಾರ್ಡ್ ಮಾಡಿಸಲು ಹೊತ್ತೂ ಇಲ್ಲ, ದುಡ್ಡೂ ಇಲ್ಲ.

ಮದುವೆ ವಿಡಿಯೋ ಮಾಡುವವರಿಗೆ ಒಂದು ಅಭ್ಯಾಸವಿರುತ್ತದೆ, ಕೆಟ್ಟುಹೋದ ಶಾಟನ್ನೂ ಅಳಿಸುವುದಿಲ್ಲ. ಮೂರು ಗಂಟಿನ ಹೊತ್ತಿಗೆ ಕ್ಯಾಮೆರಾಕ್ಕೆ ಯಾರದೋ ತಲೆ ಅಡ್ಡ ಬಂದಿದ್ದರೆ, ಪಕ್ಕದವನ ಹಾಳು ಶಾಟೇ ದೇವರು. ವಂಶಿ 'ಬೇಡ' ಎಂದು ಬೇರೆ ಇಟ್ಟಿದ್ದ ಗದ್ದೆಯ ಶಾಟುಗಳನ್ನು ರವಿಚಂದ್ರ ಒಂದೊಂದಾಗಿ ತೆರೆದ. ಎಲ್ಲದರಲ್ಲೂ ಹಾಡು ಹಾಕಿಟ್ಟ ಸ್ಪೀಕರಿನದೇ ಗದ್ದಲ. ಏಳನೆಯದರಲ್ಲಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸ್ಪೀಕರು ಗಕ್ಕನೆ ನಿಂತಿತ್ತು.

"ಚಾರ್ಜ್ ಖಾಲಿಯಾಯ್ತು ಸರ್, ಅದಕ್ಕೇ ಬೇಡ ಅಂದಿದ್ದು," ಎಂದ ವಂಶಿ.

"ಸುಮ್ಕಿರ್ಲಾ, ಕೇಳು."

ಸ್ಪೀಕರು ನಿಂತರೂ ನಾಗಶ್ರೀ ನಿಂತಿರಲಿಲ್ಲ. ಬರಿಯ ಗಂಟಲಿನಲ್ಲಿ, 'ತೂಬೆತ್ತಿ ಬುಡು, ಬುಡು ಬುಡು ಬುಡಣ್ಣ' ಎಂದು ನಾಲೆಗೆ ಕೇಳುವಂತೆ ಕೂಗಿದ್ದಳು. ಕ್ಯಾಮೆರಾದ ಆಚೆ, ಪೈರಿನ ಕಟ್ಟು ಹಿಡಿದಿದ್ದ ಹೆಂಗಸರು ಯಾರೂ ಹೇಳದೆಯೇ ದನಿಗೂಡಿಸಿದ್ದರು: 'ಬುಡಪ್ಪೋ ಬುಡು!' ಕೋತಿ ಒಯ್ದ ಟೋಪಿ ಇಲ್ಲದ ಮೈಕಿಗೆ ಗಾಳಿಯೂ ಸೊಯ್ ಎಂದು ಬಡಿದಿತ್ತು.

ರವಿಚಂದ್ರ ಆ ಎರಡು ಸಾಲಿಗೆ ಈ ಶಾಟನ್ನೇ ಕೂರಿಸಿ, ಸ್ಟುಡಿಯೋದ ಹಾಡನ್ನು ಮೆಲ್ಲಗೆ ಇಳಿಸಿ ಇದರ ದನಿಯನ್ನು ಮೆಲ್ಲಗೆ ಏರಿಸಿದ. ತುಟಿಯೂ ದನಿಯೂ ಅಚ್ಚಿನಲ್ಲಿ ತೆಗೆದಂತೆ ಕೂತವು.

ಈಗ ಉಳಿದದ್ದು ಒಂದೇ. ಹದಿನೆಂಟು ವರ್ಷ ತನ್ನ ತಪ್ಪು ತಿದ್ದಿದವರಿಗೆ, ನೀವು ತಿದ್ದಿದ್ದನ್ನು ನಾನು ತೆಗೆದುಹಾಕಿದ್ದೇನೆ ಎಂದು ಹೇಳಬೇಕು. ಹೇಳದೆ ಕಳಿಸಬಹುದಿತ್ತು. ಆದರೆ ಆಮೇಲೆ ಅವರ ಮುಂದೆ ನಿಲ್ಲಲು ತನ್ನಿಂದ ಆಗದು ಎಂಬುದು ಅವನಿಗೆ ಗೊತ್ತಿತ್ತು. 'ಟೀಚರ್, ನೀವು ಬೇಡ ಅಂದ್ರೆ ಬದಲಾಯಿಸ್ತೀನಿ' ಎಂದು ಬರೆದು, ಆ ತುಣುಕನ್ನೂ ಟೈಟಲುಗಳನ್ನೂ ವಾಟ್ಸಾಪಿನಲ್ಲಿ ಕಳಿಸಿದ.

ಎರಡು ನಿಮಿಷವಾಯಿತು. ಹತ್ತಾಯಿತು. ನೀಲಿ ಗೆರೆ ಬಂದಿತ್ತು, ಉತ್ತರ ಬಂದಿರಲಿಲ್ಲ. ನಾಗಶ್ರೀ ಸೆರಗಿಲ್ಲದ ಚೂಡಿದಾರಿನಲ್ಲಿ ಸೆರಗು ಹುಡುಕುವಂತೆ ದುಪಟ್ಟಾದ ಅಂಚು ಹೊಸೆಯುತ್ತಿದ್ದಳು. ಮೂರೂವರೆಗೆ ಫೋನು ಬಂತು.

"ರವಿ, ಆರು ಸಲ ಕೇಳಿದೆ. ನಾನು ತಿದ್ದಿದ್ದು ತಪ್ಪು ಕಣಯ್ಯ."

"ಅಯ್ಯೋ, ತಪ್ಪು ಅಂತ ಅಲ್ಲ ಟೀಚರ್..."

"ಸಮಾಧಾನ ಹೇಳ್ಬೇಡ. ಗದ್ದೇಲಿ ನಿಂತು ನೀರು ಕೇಳೋಳು ಪರೀಕ್ಷೆ ಬರೆಯೋ ಹಾಗೆ ಬಿಡು ಅಂತಾಳಾ? ಆ ಹುಡುಗಿಗೆ ಕೊಡು ಫೋನು."

ನಾಗಶ್ರೀ ಎದ್ದು ನಿಂತು ಫೋನು ಹಿಡಿದಳು. ಅತ್ತ ಏನು ಹೇಳಿದರೋ, ಇವಳು "ಊ ಮೇಡಂ, ಊ ಮೇಡಂ," ಎನ್ನುತ್ತಲೇ ಇದ್ದಳು. ಫೋನು ವಾಪಸು ಕೊಡುವಾಗ ಕಣ್ಣು ತೇವವಾಗಿತ್ತು, ಮುಖ ನಗುತ್ತಿತ್ತು.

"ಇನ್ನೊಂದು ವಿಷಯ ರವಿ," ಎಂದರು ಟೀಚರ್. "ಹಾಡಿನ ಹೆಸರು 'ತೂಬೆತ್ತಿ ಬುಡು' ಅಂತಲೇ ಇರ್ಲಿ, ಅದನ್ನ ಮುಟ್ಟಲ್ಲ. ಆದ್ರೆ ಹಾಡಿದವರ ಹೆಸರು ನಾಗಸ್ರೀ ಅಲ್ಲಪ್ಪ, ನಾಗಶ್ರೀ. ಹದಿನೆಂಟು ವರ್ಷ ಆಯ್ತಲ್ಲೋ!"

"ನೀವಿದ್ದೀರಲ್ಲ ಟೀಚರ್, ಅದಕ್ಕೇ ಕಲೀಲಿಲ್ಲ," ಎಂದ ರವಿಚಂದ್ರ. ಆ ಕಡೆ ಅವರು ಗಟ್ಟಿಯಾಗಿ ನಕ್ಕರು. ತಾನು ಸೀಟಿನಿಂದ ಎದ್ದು ನಿಂತೇ ಮಾತಾಡುತ್ತಿದ್ದೆ ಎಂಬುದು ಇವನಿಗೆ ಫೋನು ಇಟ್ಟ ಮೇಲೆ ತಿಳಿಯಿತು.

ಶ ಬರೆದ. ನಾಲ್ಕಕ್ಕೆ ಪೆನ್‌ಡ್ರೈವ್ ಕೈಗಿಟ್ಟ. ಇಬ್ಬರೂ ಮಂಡ್ಯದ ಬಸ್ಸಿಗೆ ಓಡಿದರು. ಹನಕೆರೆ ದಾಟಿದೆವು ಎಂದು ವಂಶಿ ಒಮ್ಮೆ, ಕೊಟ್ಟೆವು ಎಂದು ಐದಕ್ಕೆ ಹತ್ತು ನಿಮಿಷವಿರುವಾಗ ಇನ್ನೊಮ್ಮೆ ಮೆಸೇಜು ಹಾಕಿದ.

ಮುಂದಿನ ವಾರ ಕೊತ್ತತ್ತಿಯಲ್ಲಿ ನಾಟಿ ಹೆಂಗಸರು ಒಂದೇ ಮೊಬೈಲಿನ ಸುತ್ತ ಕೂತು, ತಮ್ಮ 'ಬುಡಪ್ಪೋ' ಬಂದಾಗಲೆಲ್ಲ ಹಿಂದಕ್ಕೆ ಎಳೆದು ಎಳೆದು ನೋಡಿದರೆಂದು ನಾಗಶ್ರೀ ಫೋನಿನಲ್ಲಿ ಹೇಳಿದಳು. "ನಿಮ್ಮ ಉಪ್ಕಾರ ಮರೆಯಲ್ಲ ಅಣ್ಣ," ಎಂದಳು. ಅದು ತನ್ನದಲ್ಲ, ಟೀಚರದು ಎಂದ ರವಿಚಂದ್ರ.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಸ್ಟುಡಿಯೋದ ಮೂರು ಸಾವಿರದ ಹಾಡಿನಲ್ಲಿ ಎರಡು ಸಾಲು ದಂಡವಾಯಿತು. ನಾಗಶ್ರೀಯ ಮುಖ ಉಳಿಯಿತು, ಅವಳ ಮಾತೂ ಉಳಿಯಿತು.