ಪಾಲು ಹೇಳಿಟ್ಟ ಹಂದಿ

ಹಂದಿ ಬೇಟೆಗೆ ಯಾವ ಜಾಗ ಒಳ್ಳೇದು ಅಂತ ಆರಿಸಿಕೊಡೋ ಕೆಲಸ ನನ್ನ ತಲೆಗೆ ಹೇಗೆ ಬಂತು ಅಂತ ಮೈಸೂರಿನ ನಮ್ಮ ಅತ್ತೆಯವರಿಗೆ ಇವತ್ತಿಗೂ ಹೇಳೋ ಧೈರ್ಯವಿಲ್ಲ. ಮೊಟ್ಟೆ ಒಡೆದ ಬಾಣಲೆಯನ್ನೂ ಅಡುಗೆಮನೆಗೆ ಬಿಟ್ಟುಕೊಳ್ಳದವಳು ನಾನು. ಆದರೆ ನೈರೋಬಿಯ ಹೈರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯ ವಿನ್ಸೆಂಟ್ ಸರ್, ಒಂದು ಶನಿವಾರ ಟ್ಯಾಬ್ಲೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಕಾಂಪೌಂಡ್ ಗೋಡೆ ಸವರಿಕೊಂಡು ಬಂದು, "ವತ್ಸಲಮ್ಮ, ಸ್ವಲ್ಪ ಓದ್ಲಿಕ್ಕುಂಟು ಮಾರಾಯ್ರೆ" ಅಂದಾಗ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಸರ್ ಬೆಳ್ತಂಗಡಿ ಕಡೆಯವರು. ಇಲ್ಲಿನ ಶಾಲೆಯಲ್ಲಿ ಫಿಸಿಕ್ಸ್ ಹೇಳಿಕೊಡೋಕೆ ಅಂತ ಹುಡುಗರಾಗಿದ್ದಾಗಲೇ ನೈರೋಬಿಗೆ ಬಂದು, ಇಲ್ಲೇ ಮುದುಕರಾದವರು. ಗ್ಲಾಕೋಮಾದಿಂದ ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣು ಇನ್ನೆಷ್ಟು ಕಾಲ ಅಂತ ಕೇಳಿದರೆ ಡಾಕ್ಟರು ಮಾತು ಬದಲಾಯಿಸುತ್ತಾರಂತೆ. ಅದು ಹೋಗೋದರೊಳಗೆ ಮಗ ನಿಖಿಲ್ ಜೊತೆ ಒಂದು ಸಲ ಕಾಡುಹಂದಿ ಬೇಟೆಗೆ ಹೋಗಬೇಕು. ಅವರಿಗಿದ್ದದ್ದು ಅದೊಂದೇ ಆಸೆ.

"ಹೆಲನ್ ಬಾಯಿ ಓದಿ ಹೇಳಲ್ವಾ ಸರ್?" ಅಂತ ಅವರ ಹೆಂಡತಿಯ ಹೆಸರು ತೆಗೆದೆ.

"ಅವಳಾ? ಕುರುಡನಿಗೆ ಕೋವಿ ಯಾಕೆ ಅಂತಾಳೆ. ಮತ್ತೆ ನಿಖಿಲ್ ಓದೋದು ಇಲ್ಲಿನ ಮಟಾಟು ಬಸ್ಸು ಓಡಿಸಿದ ಹಾಗೆ, ಇಳೀತೇನೆ ಅಂದ್ರೂ ನಿಲ್ಸೋದಿಲ್ಲ. ನೀವು ನಿಧಾನ ಓದ್ತೀರಿ."

ನಿಜ. ಅಂಗಡಿ ಬೋರ್ಡು, ಔಷಧದ ಚೀಟಿ ಅಂತ ಕಂಡದ್ದನ್ನೆಲ್ಲ ಓದಿ ಓದಿ ಇಂಗ್ಲಿಷ್ ಕಲಿತವಳು ನಾನು. ಜೋರಾಗಿ ಓದದೆ ಇದ್ದರೆ ನನಗೇ ಅರ್ಥ ಆಗಲ್ಲ.

ಕೀನ್ಯಾದಲ್ಲಿ ಬೇಟೆ ನಿಷೇಧ. ಅದಕ್ಕೇ ಸೌತ್ ಆಫ್ರಿಕಾದ ಮೂರು ಖಾಸಗಿ ರಾಂಚುಗಳನ್ನು, ಅಂದರೆ ಬೇಟೆಗೆಂದೇ ಬಿಟ್ಟ ದೊಡ್ಡ ಜಮೀನುಗಳನ್ನು, ನಿಖಿಲ್ ಹುಡುಕಿಟ್ಟಿದ್ದ. ಗೈಡೂ ಅವರದೇ, ಕೋವಿಯೂ ಅವರದೇ. ಮೊದಲನೆಯದರಲ್ಲಿ ಎತ್ತರದ ಬೇಲಿ ಹಾಕಿ ಹಂದಿಗಳನ್ನು ಒಳಗೇ ಬಿಟ್ಟಿರುತ್ತಾರೆ, ಹಂದಿ ಸಿಗೋದು ಗ್ಯಾರಂಟಿ.

"ಗ್ಯಾರಂಟಿ ಇದ್ರೆ ಅದು ಬೇಟೆ ಅಲ್ಲ, ಕಸಾಯಿ ಅಂಗಡಿ. ಮುಂದಿನದ್ದು ಓದಿ."

ಎರಡನೆಯದರಲ್ಲಿ ಮರದ ಅಟ್ಟಣೆ. ಕೆಳಗೆ ಜೋಳ ಚೆಲ್ಲಿರುತ್ತಾರೆ. ಹಂದಿ ತಿನ್ನೋಕೆ ಬಂದಾಗ ಕೋವಿಗೆ ಕಟ್ಟಿದ ಸ್ಕ್ರೀನಿನಲ್ಲಿ ನೋಡಿ ಹೊಡೆಯೋದು.

"ಪಾಪ, ಊಟಕ್ಕೆ ಕರೆದು ಹೊಡೀತಾರಾ?" ಅಂತ ನನ್ನ ಬಾಯಿಂದ ಬಂದುಬಿಟ್ಟಿತು.

"ಹಾಗೆ ಹೇಳಿ! ಸಸ್ಯಾಹಾರಿಗೆ ಗೊತ್ತಾಯ್ತು, ಅವರಿಗೆ ಗೊತ್ತಾಗಲಿಲ್ಲ ನೋಡಿ."

ಮೂರನೆಯದರಲ್ಲಿ ನಾಯಿಗಳಿದ್ದವು. ಅವು ಪೊದೆ ನುಗ್ಗಿ ಹಂದಿ ಎಬ್ಬಿಸುತ್ತವೆ, ಗೈಡ್ ಜೊತೆ ಹಿಂದೆ ನಡೆಯಬೇಕು. ಸರ್ ಮುಂದಕ್ಕೆ ಬಾಗಿ ಕೂತರು. ಅವರು ಚಿಕ್ಕವರಿದ್ದಾಗ ಊರಲ್ಲಿ ಡಬ್ಬ ಬಡಿದು ಹಂದಿ ಓಡಿಸೋ ಗುಂಪಿನಲ್ಲಿ ಇರುತ್ತಿದ್ದರಂತೆ. ಕೋವಿ ಮಾತ್ರ ಅಪ್ಪನ ಕೈಯಲ್ಲಿ. ದೊಡ್ಡವನಾದ ಮಗನಿಗೆ ಅಪ್ಪನೇ ಕಾಡಿನಲ್ಲಿ, ಎಲ್ಲರೆದುರು, ಕೋವಿ ಕೊಡೋದು ಅವರ ಮನೆಯ ಕ್ರಮ. "ಮುಂದಿನ ಸಲ ನಿನಗೆ ಅಂದಿದ್ರು ಅಪ್ಪ. ಅಷ್ಟರಲ್ಲಿ ಅಲ್ಲಿ ಕಾನೂನು ಬಂತು. ಇಲ್ಲಿಗೆ ಬಂದೆ, ಇಲ್ಲಿ ನನಗಿಂತ ಮೊದಲೇ ಕಾನೂನು ಬಂದು ಕೂತಿತ್ತು. ಇದೇ ಆಗಲಿ ವತ್ಸಲಮ್ಮ. ಈ ಫೋಟೋದಲ್ಲೇ ನೋಡಿ, ಎಂತಹ ಚಂದದ ಜಾಗ!"

ನಾನು ನೋಡಿದೆ. ಚಾರ್ಜ್ ಮುಗಿದು ಟ್ಯಾಬ್ಲೆಟ್ ಆಗಲೇ ಆರಿಹೋಗಿತ್ತು. ಸರ್ ಕಪ್ಪು ಗಾಜಿನ ಮೇಲೆ ಬೆರಳಿಟ್ಟು, "ಇಲ್ಲಿ ನೀರುಂಟು, ಇಲ್ಲಿ ಹಂದಿ ಬರ್ತದೆ" ಅನ್ನುತ್ತಿದ್ದರು.

"ಸರ್, ಅದು ಆಗಲೇ ಆರಿಹೋಗಿದೆ" ಅಂದೆ. ಬೆರಳು ತೆಗೆದರು.

"ಎಡಗಣ್ಣೂ ಹೋಯ್ತಾ ಸರ್?"

"ಬೆಳಕು ಗೊತ್ತಾಗ್ತದೆ. ಕಿಟಕಿ ಎಲ್ಲಿ ಅಂತ ಗೊತ್ತಾಗ್ತದೆ."

"ಹಾಗಿದ್ರೆ ಬೇಟೆ ಹೇಗೆ? ಗುಂಡು ಯಾರಿಗಾದರೂ ತಗುಲಿದರೆ?"

"ಛೆ, ನಾನು ಹೊಡೆಯೋದಿಲ್ಲ. ಅಲ್ಲಿ ನಿಂತು, ನಾಯಿ ಬೊಗಳುವಾಗ ನಿಖಿಲನ ಕೈಗೆ ಕೊಡ್ತೇನೆ. ಅಷ್ಟೇ ನನ್ನ ಕೆಲಸ. ಈಗಲೇ ಹೇಳಿದ್ರೆ ಅವನು ಬರ್ಲಿಕ್ಕಿಲ್ಲ. ಅವನು ಬರೋದು ಅಪ್ಪ ಹೊಡೀಲಿ ಅಂತ. ಒಮ್ಮೆ ಅಲ್ಲಿ ನಿಂತರೆ ಮನಸ್ಸು ತಿರುಗ್ತದೆ. ಯಾರಿಗೂ ಹೇಳ್ಬೇಡಿ, ಆಯ್ತಾ?"

ನಾನು ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

ಅಷ್ಟಕ್ಕೇ ನಿಲ್ಲಲಿಲ್ಲ ಅವರು. ಅವರ ಕಡೆ ಬೇಟೆಗೆ ಹೊರಡೋ ಮೊದಲೇ ಪಾಲು ಹೇಳಬೇಕಂತೆ. ಹೊಡೆದವನಿಗೆ ತಲೆ, ಕೋವಿಯ ಯಜಮಾನನಿಗೆ ತೊಡೆ, ಬಂದವರಿಗೆಲ್ಲ ಒಂದೊಂದು, ನಾಯಿಗಳಿಗೂ ಒಂದು, ಬರಲಾಗದ ಮುದುಕರಿಗೆ, ಪಾದ್ರಿಗೆ ಒಂದೊಂದು. ಬಾಯಲ್ಲಿ ಹೇಳಿದ ಪಾಲು ಕೊಟ್ಟ ಹಾಗೇ ಲೆಕ್ಕ. ಸರಿ, ಆ ವಾರವೆಲ್ಲ ಫೋನು. ಚರ್ಚಿನ ಬಳಿಯ ಶೆರಿಲ್ ಮನೆಗೆ, ಹಾಸಿಗೆ ಹಿಡಿದ ವಿಶ್ವನಾಥ್ ಮೇಷ್ಟ್ರಿಗೆ, ರುಂಡಾ ಬಡಾವಣೆಯಲ್ಲಿರೋ ಹಳೇ ಶಿಷ್ಯನಿಗೆ. ನನಗೂ ಒಂದು ಪಾಲು.

"ಸರ್, ನಾನು ತಿನ್ನಲ್ಲ!"

"ಓದಿದವರಿಗೆ ಪಾಲು ಇಲ್ಲದೆ ಉಂಟಾ? ನಿಮ್ಮದನ್ನು ಮೇರಿಗೆ ಕೊಡಿ."

ನಮ್ಮ ಮನೆ ಕೆಲಸದ ಮೇರಿ ಕೈ ಮೇಲೆತ್ತಿ, "ಅಸಾಂಟೆ ಸಾನಾ, ಮ್ವಾಲಿಮು!" ಅಂತ ಕುಣಿದಳು. ಮೇಷ್ಟ್ರೇ, ತುಂಬಾ ಥ್ಯಾಂಕ್ಸು ಅಂತ.

ಭಾನುವಾರ ಅವರು ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ರಾಂಚಿನ ಗೈಡ್ ಜೊತೆ ವೀಡಿಯೋ ಕಾಲ್. ಸರ್ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು. ಪಕ್ಕದಲ್ಲಿ ನಿಖಿಲ್. ಮೀನು ಸಾರಿನ ಘಮ ಬರುವ ಅಡುಗೆಮನೆ ಬಾಗಿಲಿಗೆ ಒರಗಿ ಹೆಲನ್ ಬಾಯಿ. ಮನೆಯಲ್ಲಿ ಕೊಂಕಣಿ ಆಡುವವರು, ನಾನಿದ್ದೆ ಅಂತ ಕನ್ನಡದಲ್ಲೇ ಬೈದರು: "ವತ್ಸಲಾ, ನೀನಾದ್ರೂ ಬುದ್ಧಿ ಹೇಳ್ಬಾರ್ದಾ? ಮೆಟ್ಟಿಲು ಇಳೀಲಿಕ್ಕೆ ಆಗೋದಿಲ್ಲ, ಹಂದಿ ಹಿಂದೆ ಓಡ್ತಾರಂತೆ."

"ಓಡೋದು ನಾಯಿ, ನಾನಲ್ಲ" ಅಂದರು ಸರ್.

ಗೈಡ್ ಕೆಂಪು ಮುಖದ, ಒಳ್ಳೆ ಮಾತಿನ ಮನುಷ್ಯ. ಯಾರು ಹೊಡೆಯೋದು, ಕಣ್ಣು ಹೇಗಿದೆ ಅಂತ ಕೇಳಿದ.

"ಕೋವಿ ಹಿಡಿದಾಗ ಒಂದು ಕಣ್ಣು ಹೇಗೂ ಮುಚ್ತೇವಲ್ಲ," ಅಂದರು ಸರ್ ಇಂಗ್ಲಿಷಿನಲ್ಲಿ. "ನಂದು ಒಂದು ಮೊದಲೇ ಮುಚ್ಚಿದೆ!"

ಗೈಡ್ ನಕ್ಕ, ನಿಖಿಲ್ ನಕ್ಕ. ಹೋಗೋ ವಾರವೂ ಗೊತ್ತಾಯಿತು. ಗೆದ್ದೇಬಿಟ್ಟರು ಅಂದುಕೊಂಡೆ.

ಆಮೇಲೆ ಸರ್ ಪಾಲಿನ ಮಾತು ತೆಗೆದರು. ತಲೆ ಇಂಥವರಿಗೆ, ನಿಮ್ಮ ನಾಯಿಗಳಿಗೆ ಇಷ್ಟು, ಕೋವಿ ನಿಮ್ಮದಾದ್ದರಿಂದ ತೊಡೆ ನಿಮಗೆ, ಉಳಿದದ್ದನ್ನು ಐಸ್ ಪೆಟ್ಟಿಗೆಯಲ್ಲಿ ಹಾಕಿಕೊಡಿ. ಗೈಡ್ ಸುಮ್ಮನೆ ಕೇಳಿಸಿಕೊಂಡು ಮೆತ್ತಗೆ ಹೇಳಿದ: ಮಾಂಸ ರಾಂಚಿಗೇ ಸೇರಿದ್ದು. ಅಲ್ಲಿ ಇದ್ದಷ್ಟು ದಿನ ಬೇಕಾದಷ್ಟು ತಿನ್ನಬಹುದು, ಗಡಿ ದಾಟಿಸೋಕೆ ಬಿಡಲ್ಲ, ಹಂದಿ ರೋಗದ ಭಯ.

"ಮತ್ತೆ ನಾವು ಎಂತ ತರೋದು?"

"ಫೋಟೋ, ಸರ್. ಹಂದಿ ಪಕ್ಕ ನಿಂತು ಒಳ್ಳೇ ಫೋಟೋ ತೆಗೆದುಕೊಡ್ತೀವಿ. ನಮ್ಮಲ್ಲಿ ಬಂದವರೆಲ್ಲ ಅದನ್ನೇ ಗೋಡೆಗೆ ಹಾಕ್ಕೊಂಡು ದಿನಾ ನೋಡ್ತಾರೆ."

ಸರ್ ಮುಖ ಕೆಂಪಾಯಿತು. ಅಷ್ಟು ಜನಕ್ಕೆ ಹೇಳಿಟ್ಟಿದ್ದಾರೆ, ಹಾಸಿಗೆಯಲ್ಲಿರೋ ಮೇಷ್ಟ್ರಿಗೂ ಹೇಳಿದ್ದಾರೆ. "ಫೋಟೋ!" ಅಂತ ಕನ್ನಡದಲ್ಲೇ ಕೂಗಿದರು. "ಫೋಟೋ ಇಟ್ಟುಕೊಂಡು ನಾನೆಂತ ಮಾಡ್ಲಿ? ನನಗೆ ನನ್ನ ಮಗನ ಮುಖವೇ ಕಾಣೋದಿಲ್ಲ!"

ಹೆಲನ್ ಬಾಯಿ ಅಡುಗೆಮನೆಯಲ್ಲಿ ಸಾರಿನ ಉರಿ ತಗ್ಗಿಸಿದರು.

ನಿಖಿಲ್‌ಗೆ ಕನ್ನಡ ಅರ್ಥ ಆಗುತ್ತೆ, ಮಾತು ಬರಲ್ಲ. "ಡ್ಯಾಡಾ. ಸಿನ್ಸ್ ವೆನ್?" ಅಂದ.

ಉತ್ತರ ಹೆಲನ್ ಬಾಯಿಯಿಂದ ಬಂತು. "ಈಸ್ಟರ್ ಆದ ಮೇಲೆ. ನಾನು ಮುಳ್ಳು ತೆಗೆದು ಮೀನು ಬಡಿಸ್ತೇನೆ, ಇವರು ತೆಗೆದ ಹಾಗೆ ಮಾಡ್ತಾರೆ. ನನಗೆ ಗೊತ್ತಿಲ್ಲ ಅಂತ ಎಣಿಸಿದ್ರಾ?" ಅಷ್ಟು ಹೇಳಿ ಬೆನ್ನು ತಿರುಗಿಸಿ ನಿಂತರು.

ನಿಖಿಲ್ ಗೈಡಿಗೆ ಒಂದು ನಿಮಿಷ ಅಂದು, ಅಪ್ಪನ ಕಡೆ ತಿರುಗಿದ. ಒಳ್ಳೇ ಹುಡುಗ, ಕೋಪ ಮಾಡಿಕೊಳ್ಳಲಿಲ್ಲ. ಆದರೂ ಹೋಗೋಣ, ಐ ವಿಲ್ ಶೂಟ್, ನೀವು ಬಂದರೆ ಸಾಕು ಅಂದ. ಸರ್ ಬಯಸಿದ್ದೂ ಅದನ್ನೇ ಅಲ್ವಾ? ಕೇಳಿದ ನನಗೇ ಜೀವ ಬಂದ ಹಾಗಾಯಿತು.

ಸರ್ ಮಾತ್ರ ಮಗ ಇದ್ದ ದಿಕ್ಕಿಗೆ ಮುಖ ಮಾಡಿ ಕೇಳಿದರು: "ನಿನಗೆ ಬೇಕಾ?"

"ಇಫ್ ಯು ವಾಂಟ್ ಇಟ್—"

"ನಾನು ಕೇಳಿದ್ದು ನಿನಗೆ."

ನಿಖಿಲ್ ನನ್ನನ್ನು ನೋಡಿದ, ಅಮ್ಮನ ಬೆನ್ನನ್ನು ನೋಡಿದ. ಸುಳ್ಳು ಹೇಳಪ್ಪಾ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ನೋ, ಡ್ಯಾಡಾ" ಅಂದ. "ಐ ಡೋಂಟ್ ವಾಂಟ್ ಟು ಕಿಲ್ ಎನಿಥಿಂಗ್. ಐ ನೆವರ್ ಡಿಡ್."

ಸರ್ ತಲೆಯಾಡಿಸಿದರು. ತರಗತಿಯಲ್ಲಿ ಹುಡುಗನೊಬ್ಬ ಸರಿ ಉತ್ತರ ಹೇಳಿದಾಗ ಆಡಿಸುತ್ತಿದ್ದರೇನೋ, ಹಾಗೆ. "ಹಾಗಾದ್ರೆ ಬೇಡ. ಬೇಡದವನ ಕೈಗೆ ಕೋವಿ ಕೊಡೋದಿಲ್ಲ."

ಟ್ಯಾಬ್ಲೆಟ್ಟಿನ ಆ ಕಡೆ ನಾಯಿಗಳು ಬೊಗಳೋಕೆ ಶುರುಮಾಡಿದವು. ಗೈಡ್ ಏನೋ ಗದರಿದ. ನಿಖಿಲ್ ಕಾಲ್ ನಿಲ್ಲಿಸೋಕೆ ಕೈ ಚಾಚಿದ.

"ಕಟ್ ಮಾಡ್ಬೇಡ" ಅಂದರು ಸರ್.

ನಾಲ್ಕೂ ಜನ ಕೇಳುತ್ತಾ ಕೂತೆವು. ನನಗೆ ಎಲ್ಲ ಒಂದೇ ಥರದ ಬೊಗಳು. ಸರ್ ತಲೆ ವಾರೆ ಮಾಡಿ, "ಅದೊಂದು ಮುದಿ ನಾಯಿ, ಎದೆಯಿಂದ ಬೊಗಳ್ತದೆ. ಮತ್ತೊಂದಕ್ಕೆ ಇನ್ನೂ ಕಲಿಸ್ಲಿಲ್ಲ" ಅಂದರು. ನಮ್ಮಲ್ಲಿ ಯಾರೂ ಮಾತಾಡದ್ದು ನೋಡಿ ಗೈಡ್, ಸಿಗ್ನಲ್ ಇಲ್ಲ ಅನ್ನಿಸುತ್ತೆ, ಆಮೇಲೆ ಮಾಡಿ ಅಂತ ಅವನೇ ಇಟ್ಟುಬಿಟ್ಟ.

"ಹೋಯ್ತಾ?"

"ಹೂಂ ಸರ್, ಹೋಯ್ತು."

ಹೆಲನ್ ಬಾಯಿ ಊಟಕ್ಕೆ ಏಳಿ ಅಂದರು. ಸರ್ ಎದ್ದರು, ಊಟಕ್ಕಲ್ಲ. ಪಾಲು ಹೇಳಿದವರ ಮನೆಗೆಲ್ಲ ಹೋಗಿ ಇಲ್ಲ ಅನ್ನಬೇಕು, ಮೊದಲು ವಿಶ್ವನಾಥ್ ಮೇಷ್ಟ್ರ ಹತ್ತಿರ ಅಂದರು. ಫೋನಲ್ಲಿ ಹೇಳಿದರಾಯಿತು ಅಂದೆ. "ಇಲ್ಲ ಅನ್ಲಿಕ್ಕೆ ನಾನೇ ಹೋಗ್ಬೇಕು ವತ್ಸಲಮ್ಮ" ಅಂದು ಬಾಗಿಲ ಕಡೆ ನಡೆದರು. ಬಾಗಿಲು ಎಡಕ್ಕಿತ್ತು. ಅವರು ಬೆಳಕು ಕಂಡ ಕಿಟಕಿಯ ಹತ್ತಿರ ಹೋಗಿ, ಚಿಲಕ ಹುಡುಕುತ್ತಾ ಗಾಜನ್ನು ಸವರುತ್ತಿದ್ದರು.